ಪಿಯುಸಿ ಆದ ಮೇಲೆ ಡಿಗ್ರಿಗೆ ಹೋದರೆ ನಿಜವಾಗಿ ಏನು ಬದಲಾಗ್ತದೆ? (ಕಾರವಾರ, ಅಂಕೋಲಾ, ಸಿರ್ಸಿ ಬದಿಯವರಿಗೆ)

ಕೋಡಿಬಾಗ_ಗಾಳಿ:
ನಮ್ಮ ಬದಿ ಪಿಯುಸಿ ಸೈನ್ಸ್ ಮುಗಿಸಿದ ಮಕ್ಕಳ ಮನೆಯಲ್ಲಿ ಈಗ ಒಂದೇ ಚರ್ಚೆ. ಗೋವೆಗೆ ಹೋದರೆ ಮುಂದಿನ ತಿಂಗಳಿಂದಲೇ ಸಂಬಳ, ಡಿಗ್ರಿಗೆ ಹೋದರೆ ಮೂರು ವರ್ಷ ಖರ್ಚು. "ವಿದ್ಯೆಯೇ ಸಂಪತ್ತು" ಅಂತ ವಾರ್ಷಿಕೋತ್ಸವದಲ್ಲಿ ಮಾಡುವ ಭಾಷಣ ಬೇಡ. ಯಾವುದು ಬದಲಾಗ್ತದೆ, ಎಲ್ಲಿ ಕೈಕೊಡ್ತದೆ, ಗೊತ್ತಿದ್ದವರು ಲೆಕ್ಕ ಸಮೇತ ಬರೆಯಿರಿ. ಮೀನುಗಾರರ ಮನೆಯ ಹುಡುಗಿ, ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ), ಶೇ. 70ರ ಮೇಲೆ ಅಂಕ, ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತುವವಳು ಅವಳೇ ಮೊದಲು. ಇದನ್ನು ಉದಾಹರಣೆಯಾಗಿ ಇಟ್ಟುಕೊಂಡು ಹೇಳಿ.

ಅಘನಾಶಿನಿ_ದಡ:
ಕೈಗಾ ಅಣು ವಿದ್ಯುತ್ ಸ್ಥಾವರವನ್ನೇ ನೋಡಿ, ದೂರ ಹೋಗುವುದು ಬೇಡ. ಎನ್‌ಪಿಸಿಐಎಲ್ (ಆ ಸ್ಥಾವರ ನಡೆಸುವ ಕೇಂದ್ರದ ಕಂಪನಿ) ನೇಮಕಾತಿ ಅಧಿಸೂಚನೆ ಬಂದಾಗ ಗೇಟು ಒಂದೇ, ಒಳಗೆ ಹೋಗುವ ಸಾಲು ಮೂರು. ಪಿಯುಸಿ ಸೈನ್ಸ್‌ನಲ್ಲಿ ಶೇ. 50 ಇದ್ದರೆ ಅಥವಾ ಐಟಿಐ ಆಗಿದ್ದರೆ ಟೆಕ್ನಿಷಿಯನ್ ಟ್ರೈನಿ. ಡಿಪ್ಲೊಮಾ ಅಥವಾ ಬಿಎಸ್ಸಿಯಲ್ಲಿ ಶೇ. 60 ಇದ್ದರೆ ಸೈಂಟಿಫಿಕ್ ಅಸಿಸ್ಟೆಂಟ್ ಟ್ರೈನಿ. ಬಿಇ ಆಗಿ ಗೇಟ್ (GATE) ಪರೀಕ್ಷೆಯಲ್ಲಿ ಅಂಕ ಇದ್ದರೆ ಎಕ್ಸಿಕ್ಯುಟಿವ್ ಟ್ರೈನಿ. ಒಳಗೆ ಹೋದ ಮೇಲೆ ಕೆಲಸ ಕಲಿಯುವ ಚುರುಕು ಮೂವರಿಗೂ ಒಂದೇ ಇರಬಹುದು. ಆದರೆ ಶುರುವಾಗುವ ಸಂಬಳ, ಮುಂದಿನ ಬಡ್ತಿ, ನಿವೃತ್ತಿಯ ಹೊತ್ತಿಗೆ ಕೂತಿರುವ ಕುರ್ಚಿ, ಎಲ್ಲವೂ ಯಾವ ಸಾಲಿನಲ್ಲಿ ನಿಂತಿರಿ ಎನ್ನುವುದರ ಮೇಲೆ ಹೋಗುತ್ತದೆ. ಡಿಗ್ರಿ ಕೆಲಸ ಕೊಡುವುದಿಲ್ಲ, ಸಾಲು ಬದಲಿಸುತ್ತದೆ.

ಇಲ್ಲೇ ಮೊದಲ ತಪ್ಪೂ ಆಗುವುದು. ಆ ಬಿಎಸ್ಸಿಯಲ್ಲಿ ಸಾಮಾನ್ಯವಾಗಿ ಭೌತಶಾಸ್ತ್ರ ಮುಖ್ಯವಾಗಿದ್ದು, ಜೊತೆಗೆ ರಸಾಯನಶಾಸ್ತ್ರ ಅಥವಾ ಗಣಿತದಂಥ ವಿಷಯ ಇರಬೇಕು. ಪಿಸಿಎಂಬಿ ಓದಿದ ಹುಡುಗಿ ಕಾಲೇಜಿನ ಕೌಂಟರಿನಲ್ಲಿ "ಸಿಬಿಜಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಸುಲಭ" ಅಂತ ಯಾರೋ ಹೇಳಿದ್ದು ಕೇಳಿ ಬರೆಸಿದರೆ ಆ ಬಾಗಿಲು ಅಂದೇ ಮುಚ್ಚಿತು. ಅದೇ ಸಿಬಿಜಡ್ ಕಾರವಾರದ ಕೋಡಿಬಾಗದಲ್ಲಿರುವ ಮರೈನ್ ಬಯಾಲಜಿ ಎಂಎಸ್ಸಿಗೆ ನೇರ ದಾರಿ. ಆದ್ದರಿಂದ ಕಾಂಬಿನೇಶನ್ ಆರಿಸುವ ಮೊದಲು ಮೂರು ಹಳೇ ನೇಮಕಾತಿ ಅಧಿಸೂಚನೆ ತೆಗೆದು "ವಿದ್ಯಾರ್ಹತೆ" ಕಾಲಂ ಓದಿ. ಒಂದು ಗಂಟೆಯ ಕೆಲಸ.

ಇನ್ನೊಂದು: ಶೇ. 60 ಎಂದರೆ 60. 59.6 ಇದ್ದರೆ ದುಂಡಾಗಿಸಿಕೊಳ್ಳುವುದಿಲ್ಲ ಎಂದು ಇಂಥ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಬರೆದೇ ಇರುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಕಳೆದುಕೊಂಡ ಅಂಕವನ್ನು ಆರನೆಯದರಲ್ಲಿ ಎಳೆದು ತರುವುದು ಕಷ್ಟ.

ವರ್ಕ್‌ಶಾಪ್_ಮಾಸ್ತರ:
ಎಲ್ಲರಿಗೂ ಡಿಗ್ರಿಯೇ ಬೇಕು ಎನ್ನುವ ಮಾತಿಗೆ ನನ್ನ ತಕರಾರು ಇದೆ ಮಾರಾಯ್ರೆ. ಕಾರವಾರದ ನೌಕಾ ಹಡಗು ದುರಸ್ತಿ ಯಾರ್ಡಿನವರು ಅಪ್ರೆಂಟಿಸ್ ಕರೆದಾಗ ಕೇಳುವುದು ಐಟಿಐ. ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್, ಡೀಸೆಲ್ ಮೆಕ್ಯಾನಿಕ್. ಬಿಎ ಮಾಡಿದವನಿಗೆ ಅಲ್ಲಿ ಜಾಗ ಇಲ್ಲ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರಬಹುದು. ಲೆಕ್ಕ ಹಾಕಿ: ಡಿಪ್ಲೊಮಾ 3 + ಬಿಇ 3 = 6 ವರ್ಷ. ಪಿಯುಸಿ 2 + ಬಿಇ 4 = ಅದೂ 6. ಆದರೆ ಡಿಪ್ಲೊಮಾ ದಾರಿಯಲ್ಲಿ ನಡುವೆ ದುಡ್ಡು ನಿಂತುಹೋದರೂ ಕೈಯಲ್ಲಿ ಒಂದು ವಿದ್ಯಾರ್ಹತೆ ಉಳಿಯುತ್ತದೆ. ಪಿಯುಸಿ ದಾರಿಯಲ್ಲಿ ಬಿಇ ಅರ್ಧಕ್ಕೆ ಬಿಟ್ಟವನ ಕೈಯಲ್ಲಿ ಪಿಯುಸಿಯೇ ಗತಿ.

ಮನೆಯ ಸ್ಥಿತಿ ಗಟ್ಟಿ ಇಲ್ಲದವರು ಈ ನಡುವಿನ ನಿಲ್ದಾಣ ಇರುವ ದಾರಿಯನ್ನೇ ಹಿಡಿಯಬೇಕು ಎಂದು ನನ್ನ ಅಭಿಪ್ರಾಯ.

ಅಘನಾಶಿನಿ_ದಡ:
ಒಪ್ಪಿದೆ. ಆದರೆ ಪ್ರಶ್ನೆ ಪಿಯುಸಿ ಮುಗಿಸಿದವಳದ್ದು. ಅವಳು ಹತ್ತನೇ ತರಗತಿಗೆ ವಾಪಸ್ ಹೋಗಲಿಕ್ಕೆ ಆಗುವುದಿಲ್ಲವಲ್ಲ.

ಬೆಟ್ಟದ_ತೋಟ:
ಯಾರೂ ಹೇಳದ ಒಂದು ವಿಷಯ ಇದೆ. ನಮ್ಮ ಜಿಲ್ಲೆಯಲ್ಲಿ ಕಾಲೇಜು ಬಿಟ್ಟವರಲ್ಲಿ ಎಷ್ಟೋ ಮಂದಿಗೆ ಒಟ್ಟು ದುಡ್ಡು ಕಡಿಮೆ ಬಿದ್ದದ್ದಲ್ಲ, ದುಡ್ಡು ಬೇಕಾದ ತಿಂಗಳಲ್ಲಿ ಇರಲಿಲ್ಲ.

ಪ್ರವೇಶ, ಫೀಸು, ಹಾಸ್ಟೆಲ್ ಡಿಪಾಸಿಟ್ಟು ಎಲ್ಲ ಬಂದು ಬೀಳುವುದು ಜೂನ್‌ನಿಂದ ಆಗಸ್ಟ್ ಒಳಗೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟು ದಡಕ್ಕೆ, ಬಲೆ ದುರಸ್ತಿಗೆ, ಕೈಯಲ್ಲಿ ಕಾಸಿಲ್ಲ. ಘಟ್ಟದ ಮೇಲೆ ನಮ್ಮಲ್ಲಿ ಅದೇ ಹೊತ್ತಿಗೆ ಅಡಕೆಗೆ ಕೊಳೆಮದ್ದು: ಮೈಲುತುತ್ತ, ಸುಣ್ಣ, ಕೊನೆಗೌಡನ ಸಂಬಳ. ಹೊಸ ಅಡಕೆಯ ದುಡ್ಡು ಬರುವುದು ಕೊನೆಕೊಯ್ಲು, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿದ ಮೇಲೆ, ಅಂದರೆ ಹೊಸ ವರ್ಷ ಹುಟ್ಟಿದ ಮೇಲೆ. ವಿದ್ಯಾರ್ಥಿವೇತನವಂತೂ ವರ್ಷದ ಕೊನೆಗೆ ಬಂದರೆ ಬೇಗ ಬಂತು ಎನ್ನಬೇಕು.

ಹಾಗಾಗಿ ಮೂರು ಕೆಲಸ. ಮೊದಲನೆಯದು, ಎರಡನೇ ಪಿಯುಸಿ ಶುರುವಾದಾಗಲೇ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಮುಂದಿನ ಮೇ ತಿಂಗಳಿಗೆ ಮುಗಿಯುವ ಹಾಗೆ 12 ಕಂತಿನ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ. (ಅಂಚೆ ಆರ್‌ಡಿ 5 ವರ್ಷದ್ದು, ಇದಕ್ಕೆ ಆಗುವುದಿಲ್ಲ.) ಎರಡನೆಯದು, ಕಾಲೇಜಿನಲ್ಲಿ ಫೀಸು ಕಂತಿನಲ್ಲಿ ಕಟ್ಟಲು ಅರ್ಜಿ ಕೊಡುವುದು. ಬಾಯಿಮಾತಿನಲ್ಲಿ ಕೇಳಿದರೆ ಕ್ಲರ್ಕ್ ಇಲ್ಲ ಎನ್ನುತ್ತಾರೆ, ಪ್ರಾಂಶುಪಾಲರ ಹೆಸರಿಗೆ ಲಿಖಿತ ಅರ್ಜಿ ಕೊಟ್ಟರೆ ಉತ್ತರ ಬೇರೆ. ಮೂರನೆಯದು, ಬ್ಯಾಂಕ್ ಸಾಲ ಬೇಕಿದ್ದರೆ ಸೀಟು ಸಿಕ್ಕ ಮೇಲೆ ಓಡಾಡುವುದಲ್ಲ, ಮೇ ತಿಂಗಳಲ್ಲೇ ಕಾಗದ ಜೋಡಿಸಿ ಇಡುವುದು.

ಕಡತ_ಕಂಡವ:
ಕಾಗದದ ಮಾತು ಬಂತಲ್ಲ, ಬರೆಯುತ್ತೇನೆ. ಉದ್ದ ಆಗುತ್ತದೆ, ಬೇಸರಿಸಬೇಡಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮಾಡಿಸಿ. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ಸಂಖ್ಯೆ ಇರುತ್ತದೆ. ಸಿಇಟಿ ಅರ್ಜಿಗೂ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ಗೂ ಆ ಸಂಖ್ಯೆಯೇ ಬೇಕು, ಝೆರಾಕ್ಸ್ ಅಲ್ಲ. ಆದಾಯ ಪತ್ರಕ್ಕೆ ಅವಧಿ ಇದೆ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಡಿಗ್ರಿ ಹೊತ್ತಿಗೆ ಸತ್ತಿರುತ್ತದೆ.

ಹೆಸರು. ನಮ್ಮ ಜಿಲ್ಲೆಯ ದೊಡ್ಡ ತಲೆನೋವು ಇದು. ನಾಯ್ಕ, ನಾಯಕ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ತರ ಬರೆದಿರುತ್ತಾರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಜಾತಿ ಪತ್ರದಲ್ಲಿ ಮತ್ತೊಂದು. ಕೆಲವು ಕಡೆ ತಂದೆಯ ಹೆಸರು ನಡುವೆ, ಕೆಲವು ಕಡೆ ಬರೀ ಇನಿಶಿಯಲ್. ಎಸ್‌ಎಸ್‌ಪಿ ಇದನ್ನು ಹೊಂದಿಸಿ ನೋಡುವಾಗ ಅರ್ಜಿ ಅಲ್ಲೇ ನಿಲ್ಲುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಮೂಲ ಎಂದಿಟ್ಟುಕೊಂಡು ಆಧಾರ್ ಅನ್ನು ಅದಕ್ಕೆ ಸರಿಯಾಗಿ ತಿದ್ದಿಸಿ. ಉಲ್ಟಾ ಮಾಡಲು ಹೋದರೆ, ಅಂದರೆ ಅಂಕಪಟ್ಟಿ ತಿದ್ದಿಸಲು ಹೋದರೆ, ತಿಂಗಳುಗಟ್ಟಲೆ ಅಲೆದಾಟ.

ಬ್ಯಾಂಕ್ ಖಾತೆಗೆ ಆಧಾರ್ "ಲಿಂಕ್" ಆಗಿದ್ದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಯಾವ ಖಾತೆಗೆ ಬೀಳಬೇಕು ಎಂಬ ನೋಂದಣಿ) ಆಗಿರಬೇಕು. ದುಡ್ಡು ಬೀಳುವುದು ಮ್ಯಾಪ್ ಆದ ಖಾತೆಗೆ ಮಾತ್ರ. ಹಳೇ ಖಾತೆ ಮುಚ್ಚಿಹೋಗಿ ಮ್ಯಾಪಿಂಗ್ ಅಲ್ಲೇ ಉಳಿದಿದ್ದರೆ ಮಂಜೂರಾದ ಹಣ ವಾಪಸ್. ಬ್ಯಾಂಕಿನಲ್ಲಿ "ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡಿಕೊಡಿ" ಎಂದೇ ಕೇಳಿ.

ಇನ್ನು ಸಿಇಟಿಯ ಅರ್ಹತೆ. ಒಂದನೇ ತರಗತಿಯಿಂದ ಎರಡನೇ ಪಿಯುಸಿ ಒಳಗೆ ಕರ್ನಾಟಕದಲ್ಲಿ ಕನಿಷ್ಠ 7 ಪೂರ್ಣ ವರ್ಷ ಓದಿರಬೇಕು, ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಇಲ್ಲಿಯೇ ಪಾಸಾಗಿರಬೇಕು. ಅಪ್ಪ ಅಮ್ಮ ಗೋವೆಯಲ್ಲಿ ಕೆಲಸಕ್ಕಿದ್ದು ಕಾಣಕೋಣ, ಮಡಗಾಂವ್ ಶಾಲೆಗೆ ಹೋದ ಕಾರವಾರದ ಮಕ್ಕಳು ಇದನ್ನು ಎಣಿಸಿ ನೋಡಬೇಕು. ಗ್ರಾಮೀಣ ಕೋಟಾಕ್ಕೆ 1ರಿಂದ 10 ಪೂರ್ತಿ ಹತ್ತು ವರ್ಷ ಗ್ರಾಮೀಣ ಶಾಲೆ, ಕನ್ನಡ ಮಾಧ್ಯಮ ಕೋಟಾಕ್ಕೆ ಪೂರ್ತಿ ಹತ್ತು ವರ್ಷ ಕನ್ನಡ ಮಾಧ್ಯಮ. ಒಂಬತ್ತು ವರ್ಷ ಚೆಂಡಿಯಾ ಹಳ್ಳಿಯಲ್ಲಿ ಓದಿ ಹತ್ತನೆಯದಕ್ಕೆ ಕಾರವಾರ ಪೇಟೆಯ ಶಾಲೆಗೆ ಸೇರಿಸಿದರೆ ಶೇ. 15ರ ಗ್ರಾಮೀಣ ಕೋಟಾ ಹೋಯಿತು. ಪೇಟೆಯ ಶಾಲೆ ಒಳ್ಳೆಯದು ಎಂದು ಮಾಡಿದ ಉಪಕಾರ ಹೀಗೆ ತಿರುಗಿ ಬೀಳುತ್ತದೆ.

ಸದಾಶಿವಗಡ_ಸಂಜೆ:
ಅಣ್ಣಾ, ಸೀಟು ಹಂಚಿಕೆ ಆದ ಮೇಲೆ ಚಾಯ್ಸ್ 1, 2, 3, 4 ಅಂತ ಬರ್ತದಲ್ಲ, ಅದರಲ್ಲಿ ಎರಡಕ್ಕೂ ಮೂರಕ್ಕೂ ಏನು ವ್ಯತ್ಯಾಸ?

ಕಡತ_ಕಂಡವ:
ಚಾಯ್ಸ್ 1: ಸಿಕ್ಕಿದ ಸೀಟು ಸಾಕು, ಫೀಸು ಕಟ್ಟಿ ಸೇರುವುದು. 2: ಸಿಕ್ಕಿದ್ದನ್ನು ಹಿಡಿದುಕೊಂಡು, ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವುದಕ್ಕೆ ಮುಂದಿನ ಸುತ್ತಿನಲ್ಲಿ ನೋಡುವುದು. 3: ಈ ಸೀಟು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. 4: ಪೂರ್ತಿ ಹೊರಗೆ.

ಎರಡರಲ್ಲಿ ಜನ ಎಡವುವುದು ಹೀಗೆ: ಮೇಲಿನ ಸೀಟು ಸಿಕ್ಕಿದ ಕ್ಷಣ ಹಳೆಯದು ತಾನಾಗಿ ಕೈಬಿಡುತ್ತದೆ. ಪಟ್ಟಿ ತುಂಬಿಸುವಾಗ ಹೆಸರು ಚೆಂದ ಇದೆ ಎಂದು ಬೆಂಗಳೂರಿನ ದುಬಾರಿ ಖಾಸಗಿ ಕಾಲೇಜನ್ನು ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗಿಂತ ಮೇಲೆ ಬರೆದಿದ್ದರೆ, ಸಾಫ್ಟ್‌ವೇರ್ ಅದನ್ನೇ ಕೊಡುತ್ತದೆ, ಮಾಜಾಳಿ ಹೋಗುತ್ತದೆ. ಆಮೇಲೆ ಅತ್ತರೆ ಬಾರದು. ನಿಜವಾಗಿ ಸೇರುವ ಧೈರ್ಯ ಇಲ್ಲದ ಕಾಲೇಜನ್ನು ಮೇಲೆ ಬರೆಯಬೇಡಿ. ಹಾಗೆಯೇ, ನಿಜವಾಗಿ ಬೇಕಾದದ್ದನ್ನು "ನಮಗೆಲ್ಲಿ ಸಿಗ್ತದೆ" ಎಂದು ಕೆಳಗೆ ಬರೆಯಲೂ ಬೇಡಿ. ಮೇಲೆ ಬರೆದು ಸಿಗದಿದ್ದರೆ ದಂಡವೇನೂ ಇಲ್ಲ.

ಆದಾಯ 8 ಲಕ್ಷದೊಳಗಿನವರು ಎಸ್‌ಎನ್‌ಕ್ಯೂ ಕಾಲಂ ಬಿಡಬೇಡಿ. ಶೇ. 5 ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮಾಫಿ.

ಹೊನ್ನಾವರ_ಬಂದರು:
ಕೋರ್ಸ್ ಬಗ್ಗೆ. ಊರಿನ ಕಸುಬಿಗೆ ಹತ್ತಿರದ ಕೋರ್ಸುಗಳೇ ಊರವರ ಕಣ್ಣಿಗೆ ಬೀಳುವುದಿಲ್ಲ, ಇದೊಂದು ವಿಚಿತ್ರ.

ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರದ್ದು, ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ. ಬಿಎಫ್‌ಎಸ್ಸಿ 4 ವರ್ಷ, ಸಿಇಟಿ ಮೂಲಕ. ಸಿರ್ಸಿಯ ಅರಣ್ಯ ಮಹಾವಿದ್ಯಾಲಯ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು, ಅದೂ 4 ವರ್ಷ, ಅದೂ ಸಿಇಟಿ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ, ಎಂಎಸ್ಸಿ. ಅದೇ ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ, ಪಣಜಿ ಹತ್ತಿರ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ. ಮೀನಿನ ಹೆಸರು, ಹಂಗಾಮು, ಯಾವ ಬಲೆಗೆ ಯಾವುದು ಬೀಳುತ್ತದೆ ಎಂಬುದು ಮನೆಯಲ್ಲೇ ಗೊತ್ತಿದ್ದ ಹುಡುಗಿಗೆ ಈ ವಿಷಯದಲ್ಲಿ ಬೇರೆಯವರಿಗಿಂತ ಮುಂದೆ ಓಡುವ ಬಲ ಇರುತ್ತದೆ. ಬಂಗುಡೆ, ತಾರ್ಲೆ ಎಂದು ಗೊತ್ತಿರುವುದಕ್ಕೆ ಲ್ಯಾಟಿನ್ ಹೆಸರು ಸೇರಿಸಿಕೊಳ್ಳುವುದು, ಏನೂ ಗೊತ್ತಿಲ್ಲದೆ ಎರಡನ್ನೂ ಬಾಯಿಪಾಠ ಮಾಡುವುದಕ್ಕಿಂತ ಸಲೀಸು.

ಕೃಷಿ ಸಂಬಂಧಿ ಕೋರ್ಸುಗಳಿಗೆ ಕೃಷಿಕರ ಮಕ್ಕಳ ಕೋಟಾ ಇದೆ. ಪ್ರಾಯೋಗಿಕ ಪರೀಕ್ಷೆ ಇರುತ್ತದೆ: ಬೀಜ, ಗೊಬ್ಬರ, ಸಲಕರಣೆ ಗುರುತಿಸುವುದು. ಅಡಕೆ, ಕಾಳುಮೆಣಸು ಮಾತ್ರ ಗೊತ್ತಿರುವ ಸಿರ್ಸಿ ಮಕ್ಕಳು ತೊಗರಿ, ಸೂರ್ಯಕಾಂತಿ, ಕುಸುಬೆ ಬೀಜದ ಮುಂದೆ ತಡವರಿಸುತ್ತಾರೆ. ಬೀಜದ ಅಂಗಡಿಯಿಂದ ಒಂದೊಂದು ಹಿಡಿ ತಂದು ಗಾಜಿನ ಬಾಟಲಿಯಲ್ಲಿ ಹಾಕಿ ಕಲಿಯಬಹುದು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ವಂಶವೃಕ್ಷ ಮಾಡಿಸಿಟ್ಟುಕೊಳ್ಳಿ.

ಅಂಕೋಲೆ_ಅಕ್ಕ:
ಸೇರಿದ ಮೇಲಿನ ಮಾತು ಯಾರೂ ಆಡಲಿಲ್ಲ. ಬದಲಾವಣೆ ಆಗುವುದು ಅಥವಾ ಆಗದೇ ಹೋಗುವುದು ಮೊದಲ ಸೆಮಿಸ್ಟರಿನಲ್ಲಿ.

ಹಾಜರಿ ಶೇ. 75 ಬೇಕು. ನಮ್ಮಲ್ಲಿ ಮಳೆಗಾಲವೇ ಕಾಲೇಜು ಶುರುವಾಗುವ ಕಾಲ. ಜಿಲ್ಲಾಧಿಕಾರಿ ರಜೆ ಘೋಷಿಸಿದರೆ ಆದೇಶ ಪೂರ್ತಿ ಓದಿ: ಅಂಗನವಾಡಿ, ಶಾಲೆ, ಪಿಯು ಎಂದು ಮಾತ್ರ ಇದ್ದರೆ ಡಿಗ್ರಿಗೆ ರಜೆ ಇಲ್ಲ. 2024ರ ಜುಲೈಯಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ ಬಂದಾದ ಹಾಗೆ, ಅದೇ ಆಗಸ್ಟಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದ ಹಾಗೆ ಏನಾದರೂ ಆದರೆ, ಬರಲಾಗದ ದಿನಗಳ ಪಟ್ಟಿ ಬರೆದು ಅದೇ ವಾರ ವಿಭಾಗದ ಮುಖ್ಯಸ್ಥರಿಗೆ ಕೊಡಿ. ಸೆಮಿಸ್ಟರ್ ಕೊನೆಗೆ ಹೋಗಿ ಬೇಡಿದರೆ ಅವರ ಕೈಯಲ್ಲೂ ಏನೂ ಇರುವುದಿಲ್ಲ.

ಮನೆಯಲ್ಲಿ ಮೊದಲು ಓದುವವರಿಗೆ ಕಾಲೇಜಿನ ಬರೆಯದ ನಿಯಮ ಹೇಳಿಕೊಡುವವರು ಇರುವುದಿಲ್ಲ. ಆಂತರಿಕ ಅಂಕ ಎಂಬುದು ಟೆಸ್ಟಿನಿಂದ ಮಾತ್ರ ಬರುವುದಲ್ಲ, ಅಸೈನ್‌ಮೆಂಟ್, ಸೆಮಿನಾರ್ ಸೇರಿ ಬರುತ್ತದೆ. ಹೊತ್ತಿಗೆ ಕೊಟ್ಟರೆ ಸಿಗುವ ಅಂಕ ಅದು. ಅಧ್ಯಾಪಕರ ಕೋಣೆಗೆ ಹೋಗಿ ಅರ್ಥವಾಗದ್ದು ಕೇಳಬಹುದು, ಅದು ಅಧಿಕಪ್ರಸಂಗ ಅಲ್ಲ. ಯುಯುಸಿಎಂಎಸ್ (ವಿಶ್ವವಿದ್ಯಾಲಯಗಳ) ಪೋರ್ಟಲ್‌ನಲ್ಲಿ ಪರೀಕ್ಷಾ ಅರ್ಜಿ ಹಾಕುವ ದಿನಾಂಕ ತಪ್ಪಿದರೆ ದಂಡ. ಪಾಸ್‌ವರ್ಡ್ ಸೈಬರ್ ಅಂಗಡಿಯವನ ಬಳಿ ಇಡಬೇಡಿ, ಅವನ ಮೊಬೈಲ್ ನಂಬರ್ ಕೊಟ್ಟು ನೋಂದಣಿ ಮಾಡಿಸಲೇಬೇಡಿ, ಒಟಿಪಿ ಅವನಿಗೇ ಹೋಗುತ್ತದೆ.

ಬಿಎ, ಬಿಕಾಂನವರಿಗೆ ಇನ್ನೊಂದು ಮಾತು. ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶ ಇರುವ ಕಡೆ ಬರೆಯಿರಿ, ತಪ್ಪಿಲ್ಲ. ಆದರೆ ಅದೇ ಪಾಠದ ಇಂಗ್ಲಿಷ್ ಪುಸ್ತಕವನ್ನು ದಿನಕ್ಕೆ ಎರಡು ಪುಟ ಜೊತೆಗೆ ಓದಿ. ವಿಷಯ ಮೊದಲೇ ಗೊತ್ತಿರುವುದರಿಂದ ಭಾಷೆ ಹಿಡಿಯಲು ಸುಲಭ. ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಗೆ ಡಿಗ್ರಿ ಮುಗಿದ ಮೇಲೆ ಮೂರು ತಿಂಗಳ ಕೋಚಿಂಗ್ ಎನ್ನುವುದು ತಡವಾಯಿತು.

ಹುಡುಗಿಯರ ಓಡಾಟದ ಖರ್ಚಂತೂ ಈಗ ದೊಡ್ಡ ಅಡ್ಡಿ ಅಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ, ವೇಗದೂತ ಬಸ್ಸು ಉಚಿತ. ಅಡ್ಡಿ ಇರುವುದು ಕೊನೆ ಬಸ್ಸಿನ ಹೊತ್ತಿನಲ್ಲಿ. ಸಂಜೆ ಪ್ರಾಕ್ಟಿಕಲ್ ಮುಗಿದು ಹಳ್ಳಿಗೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ ಏನು ಮಾಡುವುದು? ಸೇರುವ ಮೊದಲು ಪ್ರಾಕ್ಟಿಕಲ್ ಬ್ಯಾಚಿನ ವೇಳೆ ಮತ್ತು ಬಸ್ಸಿನ ವೇಳೆ ಪಕ್ಕಪಕ್ಕ ಬರೆದು ನೋಡಿ. ಹೊಂದದಿದ್ದರೆ ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ) ಅಥವಾ ಸಮಾಜ ಕಲ್ಯಾಣ ಹಾಸ್ಟೆಲ್ಲಿಗೆ ಅರ್ಜಿ ಹಾಕಿ. ಹಿಂದುಳಿದ ವರ್ಗದವರು ಹಾಸ್ಟೆಲ್ ಸಿಗದಿದ್ದರೂ ಅರ್ಜಿ ಹಾಕಿದ ದಾಖಲೆ ಇಟ್ಟುಕೊಂಡರೆ ವಿದ್ಯಾಸಿರಿಗೆ ದಾರಿ: ಊಟ, ವಸತಿಗೆ ತಿಂಗಳಿಗೆ ಇಂತಿಷ್ಟು ಎಂದು 10 ತಿಂಗಳು.

ದೋಣಿಮನೆ:
ಸಾಲ ಮಾಡಿ ಓದಿಸುವುದಕ್ಕೆ ಮನೆಯವರು ಹೆದರುತ್ತಾರೆ. ಹೆದರಿಕೆ ಸರಿಯಾ?

ಬೆಟ್ಟದ_ತೋಟ:
ಲೆಕ್ಕ ಗೊತ್ತಿಲ್ಲದ ಸಾಲಕ್ಕೆ ಹೆದರಬೇಕು. ಶಿಕ್ಷಣ ಸಾಲಕ್ಕೆ 4 ಲಕ್ಷದವರೆಗೆ ನಿಮ್ಮ ಕೈಯಿಂದ ಪಾಲು ಹಾಕಬೇಕಿಲ್ಲ, ಜಾಗ ಅಡವೂ ಬೇಡ. ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಓದುವಷ್ಟು ಕಾಲ, ಆಮೇಲೆ ಒಂದು ವರ್ಷ ಕಂತು ಇಲ್ಲ. ಆದರೆ ಬಡ್ಡಿ ಓಡುತ್ತಿರುತ್ತದೆ, ಇದನ್ನೇ ಜನ ಮರೆಯುವುದು.

ಉದಾಹರಣೆಗೆ ಬಿಇಗೆ ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಕಂತು ಶುರುವಾಗುವ ಹೊತ್ತಿಗೆ ಮೊದಲ ಲಕ್ಷಕ್ಕೆ 5 ವರ್ಷದ ಬಡ್ಡಿ, ಎರಡನೆಯದಕ್ಕೆ 4, ಮೂರನೆಯದಕ್ಕೆ 3, ಕೊನೆಯದಕ್ಕೆ 2. ಸರಳ ಬಡ್ಡಿಯಲ್ಲೇ 1 ಲಕ್ಷ 40 ಸಾವಿರ. ಆಗ 5.4 ಲಕ್ಷಕ್ಕೆ 10 ವರ್ಷದ ಕಂತು ತಿಂಗಳಿಗೆ ಸುಮಾರು 7,140 ರೂಪಾಯಿ. ಓದುವಾಗಲೂ ಆಮೇಲಿನ ಒಂದು ವರ್ಷವೂ ಬಡ್ಡಿ ಕಟ್ಟುತ್ತಾ ಬಂದರೆ (ಮೊದಲ ವರ್ಷ ತಿಂಗಳಿಗೆ 833 ರೂಪಾಯಿ, ನಾಲ್ಕನೆಯ ವರ್ಷದಿಂದ 3,333) ಆಮೇಲಿನ ಕಂತು ಸುಮಾರು 5,290. ಮೊದಲ ಎರಡು ವರ್ಷದ ಬಡ್ಡಿ ಕಟ್ಟುವುದು ಎಷ್ಟೋ ಮನೆಗಳಿಗೆ ಆಗುವ ಮಾತು.

ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದು ಕೋರ್ಸ್ ತಾಂತ್ರಿಕ ಅಥವಾ ವೃತ್ತಿಪರ ಆಗಿದ್ದರೆ ಕಂತಿಲ್ಲದ ಅವಧಿಯ ಬಡ್ಡಿಗೆ ಕೇಂದ್ರದ ಸಹಾಯಧನ ಇದೆ. ಬ್ಯಾಂಕಿನವರು ತಾವಾಗಿ ಹೇಳುವುದು ಅಪರೂಪ. ಸಾಲ ಮಂಜೂರಾಗುವಾಗಲೇ ಕೇಳಿ. ಮೂರು ವರ್ಷದ ಸಾಮಾನ್ಯ ಬಿಎ, ಬಿಎಸ್ಸಿಗೆ ಊರ ಹತ್ತಿರದ ಸರ್ಕಾರಿ ಕಾಲೇಜಿಗೆ ಹೋಗುವುದಾದರೆ ಸಾಲವೇ ಬೇಡ ಎನ್ನುವುದು ನನ್ನ ಸಲಹೆ.

ಅಘನಾಶಿನಿ_ದಡ:
ಮೂಲ ಪ್ರಶ್ನೆಗೆ ಇನ್ನೊಂದು ತುದಿ. ಡಿಗ್ರಿ ಆದ ಮೇಲೂ ಓದು ಎಂದರೆ ಖರ್ಚು ಎಂದೇ ಮನೆಯವರು ತಿಳಿದಿರುತ್ತಾರೆ. ಎಂಎಸ್ಸಿ ಮುಗಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಆದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಪಿಎಚ್‌ಡಿ ಮಾಡುವುದಕ್ಕೆ ದುಡ್ಡು ಕೊಡುತ್ತಾರೆ ಎಂದರೆ ಊರಿನಲ್ಲಿ ನಂಬುವುದಿಲ್ಲ. ಬಿಎಸ್ಸಿಯಲ್ಲಿದ್ದಾಗಲೇ ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಎರಡು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ. ಅಲ್ಲಿನ ವಿಜ್ಞಾನಿಯೊಬ್ಬರು ಬರೆದುಕೊಡುವ ಶಿಫಾರಸು ಪತ್ರ ಮುಂದಿನ ಬಾಗಿಲಿಗೆ ಕೆಲಸಕ್ಕೆ ಬರುತ್ತದೆ.

ಕೆಲಸ ಸಿಗದವರಿಗೆ ಸರ್ಕಾರ ತಿಂಗಳಿಗೆ ಕೊಡುವ ಯುವನಿಧಿಯನ್ನು ನೆಚ್ಚಿಕೊಂಡು ಮನೆಯಲ್ಲಿ ಕೂರುವ ಲೆಕ್ಕ ಮಾತ್ರ ಬೇಡ. ಪದವೀಧರರಿಗೆ 3,000 ರೂಪಾಯಿ, ಎರಡು ವರ್ಷದ ಮಿತಿ, ಮುಂದೆ ಓದಲು ಸೇರಿದರೆ ನಿಲ್ಲುತ್ತದೆ.

ವರ್ಕ್‌ಶಾಪ್_ಮಾಸ್ತರ:
ಗೋವೆಗೆ ಹೋಗುವುದನ್ನು ಪೂರ್ತಿ ತಳ್ಳಿಹಾಕಬೇಡಿ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಹೆಸರು ಹಚ್ಚಿ, ಕೆಲಸ ಮಾಡುತ್ತಲೇ ಬಿಎ, ಬಿಕಾಂ ಮಾಡಬಹುದಲ್ಲ?

ಕಡತ_ಕಂಡವ:
ಮಾಡಬಹುದು, ಪದವಿ ಬೇಕು ಎಂದಷ್ಟೇ ಕೇಳುವ ಪರೀಕ್ಷೆಗಳಿಗೆ ಅದು ನಡೆಯುತ್ತದೆ. ಪಿಡಿಒ, ಬ್ಯಾಂಕ್, ಕೆಎಎಸ್ ಎಲ್ಲ ಆ ಗುಂಪು. ಆದರೆ ಮೇಲೆ ಹೇಳಿದ ಹುಡುಗಿ ವಿಜ್ಞಾನದವಳು, ಪ್ರಯೋಗಾಲಯ ಬೇಕು, ಅವಳಿಗೆ ರೆಗ್ಯುಲರ್ ಕಾಲೇಜೇ ಸರಿ. ದೂರಶಿಕ್ಷಣಕ್ಕೆ ಸೇರುವವರು ಆ ವರ್ಷ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ಯುಜಿಸಿ ಜಾಲತಾಣದ ಪಟ್ಟಿಯಲ್ಲಿ ನೋಡಿ, ಆ ಪುಟ ಪ್ರಿಂಟ್ ತೆಗೆದು ಅಂಕಪಟ್ಟಿ ಜೊತೆ ಇಟ್ಟುಕೊಳ್ಳಿ. ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಅದನ್ನೇ ಕೇಳುತ್ತಾರೆ.

ಕೋಡಿಬಾಗ_ಗಾಳಿ:
ಸಾಕಷ್ಟು ಸಿಕ್ಕಿತು. ಇನ್ನೊಂದೇ ಪ್ರಶ್ನೆ: ಆಧಾರ್ ತಿದ್ದಿಸಿದ ಮೇಲೆ ಜಾತಿ ಪತ್ರವನ್ನೂ ಹೊಸದಾಗಿ ತೆಗೆಸಬೇಕಾ?

ಕಡತ_ಕಂಡವ:
ಹಳೇ ಪತ್ರದಲ್ಲಿನ ಹೆಸರು ಅಂಕಪಟ್ಟಿಗೆ ಹೊಂದಿದ್ದರೆ ಬೇಡ. ಹೊಂದದಿದ್ದರೆ ಹೊಸದು ಮಾಡಿಸಿ, ಹೊಸ ಆರ್‌ಡಿ ಸಂಖ್ಯೆಯನ್ನೇ ಎಲ್ಲ ಕಡೆ ಹಾಕಿ. ಸಿಇಟಿಗೆ ಹಳೆಯದು, ಎಸ್‌ಎಸ್‌ಪಿಗೆ ಹೊಸದು ಹಾಕಬೇಡಿ.